ಬಿಸಿ ಮಾಡಿಟ್ಟ ಗಾಡಿ

ಬಟ್ಟೆ ಹಿಂಡುತ್ತಿದ್ದವಳು ಕಾರಿನ ಸದ್ದಿಗೆ ಕಿವಿಗೊಟ್ಟಳು. ಮಗ ಎಲ್ಲಿಗೂ ಹೊರಟಿರಲಿಲ್ಲ. ಗಾಡಿ ಅಂಗಳದಲ್ಲೇ ನಿಂತಿತ್ತು, ಎಂಜಿನ್ ಮಾತ್ರ ಓಡುತ್ತಿತ್ತು. ಅವಳು ಒಂದು ಬಕೆಟ್ ಬಟ್ಟೆ ಹರವಿ ಮುಗಿಸಿದರೂ ಅದು ನಿಲ್ಲಲಿಲ್ಲ.

"ಯಾಕೋ ಸುಮ್ಮನೆ ಪೆಟ್ರೋಲ್ ಸುಡ್ತಿದ್ದೀಯ?"

"ಗಾಡಿ ತಗೊಳ್ಳೋರು ನೋಡೋಕೆ ಬರ್ತಿದ್ದಾರಲ್ಲಮ್ಮ. ಸ್ವಲ್ಪ ಬಿಸಿಯಾಗಿರಲಿ ಅಂತ."

"ಬಿಸಿ ಯಾಕೆ? ಬರೋರು ಅದನ್ನ ಊಟ ಮಾಡ್ತಾರಾ?"

ಇಂಥ ಮಾತಿಗೆ ನಗದೆ ಇರುವ ಹುಡುಗನಲ್ಲ ಅವನು. ಇವತ್ತು ನಗಲಿಲ್ಲ.

ಎರಡೇ ಬಾಗಿಲಿನ ಕೆಂಪು ಕಾರು, ನೆಲಕ್ಕೆ ಅಂಟಿಕೊಂಡ ಹಾಗೆ ಓಡುತ್ತಿತ್ತು. ಬೆಳಗಿನ ಚಳಿಯಲ್ಲಿ ಅವನು ಅವಳನ್ನು ಮಾರುಕಟ್ಟೆಗೆ ಬಿಡುತ್ತಿದ್ದ. ದೊಡ್ಡ ರಸ್ತೆ ದಾಟುವಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಉಸಿರಿನಷ್ಟು ಹೊತ್ತು ಏನೂ ಆಗುತ್ತಿರಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ಹಾರುತ್ತಿತ್ತು. ಒಂದು ಸಲ ಆ ಉಸಿರಿನ ನಡುವೆಯೇ ಲಾರಿಯೊಂದು ಮೈಮೇಲೆ ಬಂದು, ಕೂದಲೆಳೆಯಲ್ಲಿ ತಪ್ಪಿತ್ತು. ಗಾಳಿ ಒಳಹೋಗುವ ಥ್ರಾಟಲ್ ಬಾಯಲ್ಲಿ ಮಸಿ ಕಟ್ಟಿದೆ, ಸೆನ್ಸರ್ ಕೂಡ ಹೋಗುತ್ತಿದೆ ಎಂದು ಗ್ಯಾರೇಜಿನವನು ಹೇಳಿದ್ದ. ಎಂಜಿನ್ ಬಿಸಿಯಾದ ಮೇಲೆ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ.

ಸೀಟು ಒರೆಸುವ ನೆಪದಲ್ಲಿ ಅವಳು ಒಳಗೆ ಬಗ್ಗಿದಳು. ತಿಂಗಳಿಂದ ಉರಿಯುತ್ತಿದ್ದ ಎಂಜಿನ್ನಿನ ಹಳದಿ ಎಚ್ಚರಿಕೆ ದೀಪ ಆರಿತ್ತು. ಅಡುಗೆಮನೆಯ ಗಡಿಯಾರದಲ್ಲಿ ಒಂಬತ್ತು, ಇಲ್ಲಿ ಕಾರಿನ ಗಡಿಯಾರದಲ್ಲಿ ಹನ್ನೆರಡು ನಲವತ್ತು.

"ಇದಕ್ಕೇನಾಯ್ತೋ?"

"ಬ್ಯಾಟರಿ ವೈರು ಬಿಚ್ಚಿದ್ದೆ. ಕ್ಲೀನ್ ಮಾಡೋಕೆ."

ಅವನು ಕೈ ಚಾಚಿ ಗಂಟೆ ಸರಿಮಾಡಿದ. ವೈರು ಬಿಚ್ಚಿ ಹಾಕಿದರೆ ದೀಪ ಎರಡು ದಿನ ಎಲ್ಲ ಮರೆತಿರುತ್ತದೆ ಎಂದು ಗ್ಯಾರೇಜಿನವನು ನಕ್ಕಿದ್ದು ಅವಳ ಎದುರಲ್ಲೇ. ಅವಳು ಬಟ್ಟೆಯನ್ನು ಮಡಿಸಿ ಮತ್ತೆ ಅದೇ ಸೀಟನ್ನು ಒರೆಸಿದಳು.

ಬಂದವಳು ನರ್ಸು. ಜೊತೆಗೆ ಅವಳ ಮಾವ, ನಿವೃತ್ತ ಗಣಿತದ ಮೇಷ್ಟ್ರು, ಕೈಯಲ್ಲಿ ಪಟ್ಟಿ ಹಿಡಿದು. ಬಾಗಿಲು ತಟ್ಟಿದರು, ಟೈರಿನ ಗೀರು ಅಳೆದರು, ಮಂಡಿಯೂರಿ ಎಣ್ಣೆ ಸೋರಿದೆಯಾ ಎಂದು ಹುಡುಕಿದರು.

"ಮಾವ, ಗಾಡಿಗೆ ಮಾರ್ಕ್ಸ್ ಕೊಡ್ತಿದ್ದೀರಾ?"

"ಇಲ್ಲಿವರೆಗೆ ಪಾಸು. ಮುಂದೆ ನೋಡೋಣ."

ನರ್ಸು ಒಂದು ಸುತ್ತು ಓಡಿಸಿ ಬಂದಳು. ಕೆನ್ನೆ ಕೆಂಪಾಗಿತ್ತು. "ಕಾಲು ಮುಟ್ಟಿಸಿದ್ರೆ ಸಾಕು ಮಾವ, ಹಾರುತ್ತೆ!"

ಟೀ ಲೋಟ ಕೊಡುತ್ತಾ ತಾಯಿ ಕೇಳಿದಳು, "ದಿನಾ ಎಲ್ಲಿಗೆ ಓಡಿಸ್ತೀಯಮ್ಮ?"

"ಆಸ್ಪತ್ರೆಗೆ. ಮೊದಲನೇ ಶಿಫ್ಟು. ಐದೂವರೆಗೆಲ್ಲ ಮನೆ ಬಿಡ್ಬೇಕು. ಹೆದ್ದಾರಿ ದಾಟೋದೇ ಕಷ್ಟ ಆಂಟಿ, ಆ ಹೊತ್ತಲ್ಲಿ ಬರೀ ಲಾರಿ."

ತಾಯಿ ಮಗನ ಕಡೆ ನೋಡಿದಳು. ಅವನು ಗಾಡಿಯ ಕಾಗದಗಳನ್ನು ಜೋಡಿಸುತ್ತಿದ್ದ. "ಏನೂ ತೊಂದರೆ ಇಲ್ಲ, ಆರಾಮಾಗಿ ದಾಟಬಹುದು" ಎಂದ. ಆ ದನಿ ಅವಳಿಗೆ ಗೊತ್ತಿತ್ತು. ಐದು ವರ್ಷದವನಿದ್ದಾಗ ಹಾಲು ಚೆಲ್ಲಿ, ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದ ದನಿ.

"ಇವತ್ತು ಬೇಡಮ್ಮ" ಎಂದಳು ತಾಯಿ. "ನಾಳೆ ಐದೂವರೆಗೆ ಬಾ. ನೀನು ಓಡಿಸೋ ಹೊತ್ತಿಗೇ ನೋಡು. ಅಲ್ಲಿವರೆಗೆ ಇದನ್ನ ಯಾರೂ ಸ್ಟಾರ್ಟ್ ಮಾಡಲ್ಲ."

ಮೇಷ್ಟ್ರು ಕನ್ನಡಕದ ಮೇಲಿಂದ ತಾಯಿಯನ್ನು, ಮಗನನ್ನು ನೋಡಿದರು. ಪಟ್ಟಿಯ ಕೊನೆಗೆ ಏನೋ ಬರೆದುಕೊಂಡರು.

ಅವರು ಹೋದ ಮೇಲೆ ಮಗ ಕಾಗದಗಳನ್ನು ಮೇಜಿನ ಮೇಲೆ ಎಸೆದ. "ನೀನು ಯಾರ ಕಡೆ ಅಮ್ಮ?"

"ಕೈ ತೊಳ್ಕೊ. ಊಟಕ್ಕೆ ಬಾ."

"ನಾನೂ ಹಿಂಗೇ ಮೋಸ ಹೋಗಿ ತಗೊಂಡಿದ್ದು. ನನಗ್ಯಾರು ಹೇಳಿದ್ರು?"

ಅವಳು ತಟ್ಟೆ ಇಟ್ಟಳು. ರಾತ್ರಿ ಕಾರಿನ ಕೀಲಿಯನ್ನು ಬಚ್ಚಿಡಬೇಕೆಂದು ಎರಡು ಸಲ ಎದ್ದಳು, ಎರಡು ಸಲವೂ ಅದನ್ನು ಮೊಳೆಯಲ್ಲೇ ಬಿಟ್ಟು ಬಂದಳು. ಬೆಳಗಿನ ಜಾವ ಎಚ್ಚರವಾದಾಗಿನಿಂದ ಅವಳ ಕಿವಿ ಅಂಗಳದಲ್ಲೇ ಇತ್ತು. ಮಗನ ಕೋಣೆಯ ಬಾಗಿಲು ಕಿರ್ ಎಂದಿತು. ಹೆಜ್ಜೆಗಳು ಹೊರಗೆ ಹೋದವು. ಎಂಜಿನ್ ಸದ್ದು ಬರಲಿಲ್ಲ. ಹಾಗಂತ ನಂಬಿಕೆಯೂ ಬರಲಿಲ್ಲ.

ಐದೂವರೆಗೆ ಸರಿಯಾಗಿ ಇಬ್ಬರೂ ಬಂದರು. ನರ್ಸು ಸ್ಟೀರಿಂಗ್ ಹಿಡಿದಳು, ಮಗ ಪಕ್ಕದಲ್ಲಿ ಕೂತ. ಮೇಷ್ಟ್ರು ಗೇಟಿನ ಹತ್ತಿರ ನಿಂತರು. ತಾಯಿ ಪಾತ್ರೆ ತೊಳೆಯುತ್ತಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಗಾಡಿ ಬೀದಿಯ ತಿರುವಿನವರೆಗೆ ಮೆಲ್ಲಗೆ ಹೋಗಿ ನಿಂತಿತು. ಹೊರಡಲು ಹೋಗಿ, ಹೊರಡದೆ, ತಟ್ಟನೆ ಮುಂದಕ್ಕೆ ಜಿಗಿದು ಹಿಂದಿನ ಕೆಂಪು ದೀಪ ಹೊತ್ತಿಸಿ ನಿಂತಿತು. ಈಗ ಪೆಟ್ರೋಲ್ ಸರಿಯಿಲ್ಲ ಅಂತಾನೆ, ಚಳಿಗೆ ಹೀಗೇ ಅಂತಾನೆ, ಎಂದುಕೊಂಡಳು. ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಇಬ್ಬರೂ ಇಳಿದರು. ಮಗ ಬಾನೆಟ್ ಎತ್ತಿದ. ಸ್ಕ್ರೂಡ್ರೈವರ್ ಅವನ ಜೇಬಿನಲ್ಲೇ ಇತ್ತು. ದಪ್ಪ ಕಪ್ಪು ಪೈಪೊಂದನ್ನು ಸಡಿಲಿಸಿ ಕಿತ್ತ. ಇನ್ನೊಂದು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಬೆರಳಿಗೆ ಸುತ್ತಿ, ಗಾಳಿ ಒಳಹೋಗುವ ಬಾಯನ್ನೆಲ್ಲ ಒರೆಸಿದ. ಆಮೇಲೆ ಅದನ್ನು ಬೀದಿದೀಪದ ಕೆಳಗೆ ಬಿಡಿಸಿ ನರ್ಸಿನ ಮುಂದೆ ಹಿಡಿದ. ಇಷ್ಟು ದೂರಕ್ಕೂ ಆ ಮಸಿಯ ಕಪ್ಪು ಕಾಣುತ್ತಿತ್ತು.