ಫ್ಯಾನು ಹಚ್ಚಬ್ಯಾಡ್ರಿ

ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದವಳೇ ಕಸ್ತೂರೆವ್ವ ಕುಸಿದು ಪ್ರಾಣ ಬಿಟ್ಟಳು. ಹೊತ್ತು ಏರುವುದರೊಳಗೆ ಕನ್ನೊಳ್ಳಿಯ ಆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು. ಭಜನೆ ಶುರುವಾಗಿತ್ತು. ಗಂಡ ಬಸಂತರಾಯನಿಗೆ ಮಾತ್ರ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಬಾಗಿಲಿಗೆ ಹೋಗಿ ಸಿಂದಗಿ ರಸ್ತೆಯ ಕಡೆ ನೋಡುವನು. ಮರಳಿ ಬಂದು ಫ್ಯಾನು ಆರಿಸುವನು. ಅವನು ಬೆನ್ನು ತಿರುಗಿಸಿದರೆ ಸಾಕು, ಯಾರೋ ಮತ್ತೆ ಹಚ್ಚುವರು.

"ಯಾರವ್ವಾ ಅದು? ಹಚ್ಚಬ್ಯಾಡ್ರಿ ಅಂತ ಹೇಳಿಲ್ಲೇನು?"

"ಧಗಿ ನೋಡ್ರಿ ಕಾಕಾ. ಮುತ್ತೈದಿ ಬೆವರ್ಲೇನು?" ಎಂದಳು ನೆರೆಮನೆಯ ಇಂದ್ರಾಬಾಯಿ.

"ಆಕಿ ಬೆವರೂದಿಲ್ಲ. ನಿನಗ ಧಗಿ ಆದ್ರ ಬೇವಿನ ಗಿಡದ ಕೆಳಗ ಕೂಡ ಹೋಗು."

ಇಂದ್ರಾಬಾಯಿ ಎದ್ದು ಹೊರಗೆ ಹೋದಳು. ಮುದುಕನ ತಲೆ ಕೆಟ್ಟಿದೆ ಎಂದು ಉಳಿದ ಹೆಂಗಸರು ಪಿಸುಗುಟ್ಟಿದರು.

ಕಸ್ತೂರೆವ್ವ ಊರ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ದೇಹದ ಪಾಠ ಬಂದಾಗ ಮಕ್ಕಳನ್ನು ಅಂಗಳಕ್ಕೆ ಕರೆತಂದು ನಿಲ್ಲಿಸುವಳು. ಒಂದು ಮಗು ಒಂದು ಜೀವಕೋಶ. ಕೈ ಹಿಡಿದು ನಿಂತ ಒಂದೇ ಬಗೆಯವರ ಸಾಲು ಅಂಗಾಂಶ. ಬೇರೆ ಬೇರೆ ಸಾಲು ಕೂಡಿ ಒಂದು ಕೆಲಸಕ್ಕೆ ನಿಂತರೆ ಅಂಗ. ಹೋದ ಶ್ರಾವಣದಲ್ಲಿ, ಅಂಗೈಯ ಲಿಂಗವನ್ನು ನೋಡುತ್ತ ಕೂತಿದ್ದ ಗಂಡನಿಗೆ ಹೇಳಿದ್ದಳು:

"ಎದಿ ನಿಂತ್ರ ಎಲ್ಲಾ ಒಮ್ಮೆಲೆ ನಿಲ್ಲೂದಿಲ್ರಿ. ಕಣ್ಣಿನ ಮುಂದಿನ ತಿಳಿ ಪೊರಿಗೆ ರಕ್ತದ ನಾಳನ ಇಲ್ಲ. ಕಣ್ಣೀರಿನಾಗ ಕರಗಿದ ಗಾಳೀನ ಅದರ ಉಸಿರು. ಅದರಾಗಿನ ಕೋಶ ಇನ್ನೂ ಒಂದಿಷ್ಟು ತಾಸು ದುಡಕೋತ ಇರ್ತಾವ. ನಾ ಹೋದ ಮ್ಯಾಲ ಅದನ್ನ ಮಣ್ಣಿಗೆ ಹಾಕಬ್ಯಾಡ್ರಿ, ಯಾರಿಗರ ಕೊಡ್ರಿ."

ಅವನು ಹೂಂ ಅಂದಿದ್ದ.

ಮಗಳು ವಿಜಯಶ್ರೀ ಬೆಳಗ್ಗೆಯೇ ನೇತ್ರ ಭಂಡಾರಕ್ಕೆ ಫೋನು ಮಾಡಿದ್ದಳು. ರೆಪ್ಪೆ ಮುಚ್ಚಿ, ಮೇಲೆ ಹಸಿ ಹತ್ತಿ ಇಡಿ, ತಲೆ ಎತ್ತರಕ್ಕಿರಲಿ, ಫ್ಯಾನು ಬೇಡ ಎಂದಿದ್ದರು. ತಲೆ ಎತ್ತರಿಸುವ ಕೆಲಸ ಬೀಳಲಿಲ್ಲ. ಸತ್ತವರನ್ನು ಕೂಡಿಸುವುದೇ ಇವರ ಪದ್ಧತಿ. ಆದರೆ ಹೊರಟೆವು ಎಂದ ಗಾಡಿ ಇನ್ನೂ ಬಂದಿರಲಿಲ್ಲ. ಗಾಳಿಗೆ ಪೊರೆ ಒಣಗಿದರೆ ಕಸ್ತೂರೆವ್ವನ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಯಂಕಂಚಿಯಿಂದ ಅವಳ ತಮ್ಮ ಭೀಮಶ್ಯಾ ಬಂದ. ಅಕ್ಕನ ಕಾಲು ಹಿಡಿದು ಅತ್ತು, ತಲೆಯೆತ್ತಿದವನು ಹತ್ತಿಯನ್ನು ಕಿತ್ತೆಸೆದ.

"ಇದೇನ್ರಿ ಮಾವಾರ? ದಿನಾ ಲಿಂಗ ನೋಡಿದ ಕಣ್ಣ ಇವು. ತಗಸಿ ಕೊಟ್ರ ಅಕ್ಕ ಲಿಂಗದಾಗ ಬೆರೆಯೂದು ಹ್ಯಾಂಗ?"

ಬೆಳಗಿನಿಂದ ಬಸಂತರಾಯನನ್ನು ಕೂಡಗೊಡದ ಪ್ರಶ್ನೆಯೂ ಅದೇ. ಅವನು ಅರೆತೆರೆದ ರೆಪ್ಪೆಗಳನ್ನು ಬೆರಳಿನಿಂದ ಮುಚ್ಚಿ, ಹೊಸ ಹತ್ತಿ ತೋಯಿಸಿ ಇಟ್ಟ. ಹತ್ತಿಯ ನೀರು ಅವಳ ಕೆನ್ನೆಗಿಳಿಯಿತು.

"ನನಗೂ ಅಂಜಿಕಿ ಐತಿ ಭೀಮಶ್ಯಾ. ಆದ್ರ ಶಿವ ಆ ಪೊರಿಗೆ ಹಚ್ಚಿದ ಕೆಲಸ ಇನ್ನೂ ಬಿಡಿಸಿಲ್ಲ. ಬಿಡಸಾಕ ನಾ ಯಾರು, ನೀ ಯಾರು? ಮತ್ತ ಆಕಿಗೆ ನಾ ಹೂಂ ಅಂದೇನಿ." ಹೋಗಿ ಫ್ಯಾನಿನ ಗುಂಡಿಗೆ ಬೆನ್ನು ಕೊಟ್ಟು ನಿಂತ.

ವಿಜಯಶ್ರೀಯ ಫೋನು ಬಡಿದುಕೊಂಡಿತು. ಕೇಳಿದವಳ ಮುಖ ಬಾಡಿತು. "ಅಪ್ಪಾ, ಗಾಡಿ ದಾರಿ ತಪ್ಪಿ ಬ್ಯಾರೆ ಊರಿಗೆ ಹೋಗೇತಂತ."

ಭೀಮಶ್ಯಾ ಅಕ್ಕನ ಮುಖ ನೋಡಿದ. ಗುಂಡಿಗೆ ಆನಿಕೊಂಡು ನಿಂತ ಮಾವನನ್ನೂ ನೋಡಿದ. "ಎಂಥಾ ಮಂದಿ ಇವ್ರು! ಇಷ್ಟ ದೊಡ್ಡ ರಸ್ತೆ ಕಾಣೂದಿಲ್ಲೇನು?" ಎಂದು ಬೈಯುತ್ತ ಹೊರಗೆ ಹೋಗಿ, ಮೋಟರ್‌ಸೈಕಲ್ ಒದ್ದು ಗಾಡಿ ಹುಡುಕಲು ಹೊರಟ.

ಮರಳಿ ಬಂದಾಗ ಅವನ ಹಿಂದೆಯೇ ಗಾಡಿ ಬಂತು. ಬಂದವರು ಹಚ್ಚಡ ಅಡ್ಡ ಹಿಡಿಸಿದರು. ಭಜನೆ ನಿಂತಿತು. ಬಸಂತರಾಯ ಗುಂಡಿ ಬಿಟ್ಟು ಕದಲಲಿಲ್ಲ. "ಪೊರೆ ತಿಳಿಯಾಗೇ ಇದೆ" ಎಂದು ಒಳಗಿನಿಂದ ಒಬ್ಬರು ಹೇಳಿದ್ದು ಕೇಳಿಸಿತು.

ಹಚ್ಚಡ ಸರಿಸಿದಾಗ ಕಸ್ತೂರೆವ್ವ ಮೊದಲಿನಂತೆಯೇ ಕಣ್ಣು ಮುಚ್ಚಿ ಕೂತಿದ್ದಳು. ಭೀಮಶ್ಯಾ ಬಗ್ಗಿ ಬಹಳ ಹೊತ್ತು ನೋಡಿದ. ಅಕ್ಕನ ಹಣೆಗೆ ಹೊಸದಾಗಿ ವಿಭೂತಿ ಎಳೆದ. ಬಸಂತರಾಯ ಅವಳ ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಿದ. ಮತ್ತೆ ಗೋಡೆಯ ಹತ್ತಿರ ಹೋದ.

"ಇಂದ್ರಾಬಾಯಿ, ಈಗ ಒಳಗ ಬಾರವ್ವಾ."

ಫ್ಯಾನು ಹಚ್ಚಿದ. ಮಾಲೆಯ ಎಸಳುಗಳು ಅಲುಗಿದವು. ಬೆಳಗಿನಿಂದ ಕೂಡದಿದ್ದವನು ಹೆಂಡತಿಯ ಪಕ್ಕದಲ್ಲಿ ಕೂತು, ಬಾಯಿಗೆ ಪಂಚೆಯ ಸೆರಗು ಒತ್ತಿಕೊಂಡು ಅತ್ತ.