ಪಥ್ಯವಿಲ್ಲದ ಮಾತ್ರೆ

ನಲ್ಲೂರಿನ ನಿರ್ಮಲಮ್ಮ ಬಸ್ಸು ಹತ್ತುವುದನ್ನು ಬಿಟ್ಟು ಒಂದೂವರೆ ವರ್ಷವಾಗಿತ್ತು. ಬಿಟ್ಟರೆ ಬಿಡಲಿ, ಬಸ್ಸು ಹತ್ತದವರು ಊರಲ್ಲಿ ಎಷ್ಟೋ ಜನ ಇದ್ದಾರೆ ಎನ್ನಬಹುದು. ಆದರೆ ಅವಳ ಒಬ್ಬಳೇ ಮಗಳು ಪ್ರೇಮ ಜಗಳೂರಿನ ಗಂಡನ ಮನೆಯಲ್ಲಿ ಬಸುರಿ. ಏಳನೇ ತಿಂಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಹೊತ್ತುಕೊಂಡು ಹೋಗಿ ಕುಬಸ ಮಾಡಬೇಕು. ಹೆತ್ತವಳೇ ಉಡಿ ತುಂಬಬೇಕು. ಆಮೇಲೆ ಮಗಳನ್ನು ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಬರಬೇಕು. ಬೀಗಿತ್ತಿ ಕಸ್ತೂರಮ್ಮ ಬಲು ಬಿಗಿ ಹೆಂಗಸು. ಸಂಕ್ರಾಂತಿಯ ಹೊತ್ತಿಗೇ ಕಾಗದ ಬರೆಸಿಬಿಟ್ಟಿದ್ದಳು: ಯುಗಾದಿ ಆದ ಐದನೇ ದಿನ ಕುಬಸ. ಹುಡುಗಿಯ ತಾಯಿಯೇ ಬಂದರೆ ಕಳಿಸುತ್ತೇವೆ, ಇಲ್ಲವಾದರೆ ಹೆರಿಗೆ ಇಲ್ಲೇ ಆಗಲಿ.

ನಲ್ಲೂರಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಜಗಳೂರಿಗೆ ಇನ್ನೊಂದು. ಎಂಬತ್ತನಾಲ್ಕನೇ ಇಸವಿಯಲ್ಲಿ ಕೂಸುಗಳೂ ಹೋಗಿಬರುತ್ತಿದ್ದ ದಾರಿ ಅದು. ನಿರ್ಮಲಮ್ಮನಿಗೆ ಮಾತ್ರ ಕಾಶಿಗಿಂತ ದೂರ.

ಶುರುವಾದದ್ದು ಹೊನ್ನಾಳಿಯಲ್ಲಿ. ನ್ಯಾಮತಿಯ ತಂಗಿಯ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಗಂಡ ಪಂಚಾಕ್ಷರಪ್ಪನ ಜೊತೆ ಬರುತ್ತಿದ್ದಳು. ಹೊನ್ನಾಳಿ ದಾಟಿ ತುಂಗಭದ್ರೆಯ ಸೇತುವೆಯ ಮೇಲೆ ಬಸ್ಸು ಸಾಲು ಗಾಡಿಗಳ ಹಿಂದೆ ನಿಂತುಬಿಟ್ಟಿತು. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡಿತು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು, ಅಂಗೈ ತಣ್ಣಗಾಯಿತು. ಸತ್ತೆ, ಈಗ ಸತ್ತೆ ಅನ್ನಿಸಿತು. "ಇಳಿಸ್ರಿ ನನ್ನ" ಎಂದು ಕೂಗಿಕೊಂಡು ಜನರನ್ನು ತಳ್ಳಿ ಇಳಿದಳು. ಸೇತುವೆಯ ಕೊನೆಗೆ ನಡೆದು ಬರುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. ಸರಿಹೋಯಿತು ಅಂದುಕೊಂಡಳು, ಪಾಪ. ಮತ್ತೆ ಬಸ್ಸು ಹತ್ತಿದಾಗ ಮತ್ತೆ ಬಂತು. ಸಂತೆಯಲ್ಲಿ ಬಂತು, ಮದುವೆ ಪಂಕ್ತಿಯಲ್ಲಿ ಬಂತು. ಯಾವಾಗ ಬರುತ್ತದೋ ಎಂಬ ಭಯದಲ್ಲೇ ಮನೆ ಹಿಡಿದಳು. ಆಮೇಲೆ ಮನಸ್ಸೂ ಮಂಕಾಯಿತು. ತಲೆ ಬಾಚುವುದು ಬೇಡ, ಊಟ ಬೇಡ, ಮಾತು ಬೇಡ. ಬೆಳಗಿನ ಜಾವಕ್ಕೇ ಎಚ್ಚರವಾಗಿ ಸುಮ್ಮನೆ ಅಳುತ್ತ ಮಲಗಿರುವಳು.

ಊರವರು ಬಿಡುತ್ತಾರೆಯೇ. ಒಬ್ಬರು ಗಾಳಿ ಎಂದರು, ಒಬ್ಬರು ದೃಷ್ಟಿ ಎಂದರು. ಉಂಡು ಹೆಚ್ಚಾದ ಕೊಬ್ಬು ಎಂದವರೂ ಇದ್ದರು. ಅಂಥವರ ಬಾಯಿಗೆ ಮಣ್ಣು ಬೀಳಲಿ. ಪಂಚಾಕ್ಷರಪ್ಪನ ವಿಧವೆ ಅಕ್ಕ ಲಕ್ಷ್ಮಕ್ಕ ಅದೇ ಮನೆಯಲ್ಲಿದ್ದಳು. ಆಕೆ ಹತ್ತು ಕಡೆಯಿಂದ ಹತ್ತು ದಾರ ತಂದು ಕಟ್ಟಿದಳು. ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ನಾಲಿಗೆ ಮಾತ್ರ ಉದ್ದ.

ಕೊನೆಗೆ ಪಂಚಾಕ್ಷರಪ್ಪ ಒಂದು ಸುದ್ದಿ ತಂದ. ಮನಸ್ಸಿನ ಕಾಯಿಲೆ ನೋಡುವ ದಾವಣಗೆರೆಯ ಡಾಕ್ಟರೊಬ್ಬರು ತಿಂಗಳ ಮೊದಲ ಮಂಗಳವಾರ ಚನ್ನಗಿರಿಗೆ ಬಂದು ಕೂರುತ್ತಾರಂತೆ. ಅವನು ಎತ್ತಿನ ಗಾಡಿ ಕಟ್ಟಿದ. ಗಾಡಿಯಲ್ಲಿ ಅವಳಿಗೆ ಅಷ್ಟು ಭಯವಿಲ್ಲ, ಬೇಕೆಂದಲ್ಲಿ ಇಳಿಯಬಹುದಲ್ಲ.

ಡಾಕ್ಟರು ಬಿಳಿ ಕೂದಲಿನ, ಸಣ್ಣ ದನಿಯ ಮನುಷ್ಯ. ಎದೆಗೆ ಕೊಳವೆ ಇಟ್ಟು ನೋಡಿದರು, ಅರ್ಧ ಗಂಟೆ ಮಾತಾಡಿಸಿದರು. "ನಿಮ್ಮ ಹಾರ್ಟು ಗಟ್ಟಿಯಾಗಿದೆ ತಾಯಿ. ಗಾಳಿನೂ ಅಲ್ಲ, ಹುಚ್ಚೂ ಅಲ್ಲ. ಹೆದರಿಕೆ ಕಾಯಿಲೆ ಒಂದು, ಬೇಸರದ ಕಾಯಿಲೆ ಒಂದು, ಎರಡೂ ಜೊತೆಗೆ ಬಂದಿವೆ. ರಾತ್ರಿ ಊಟ ಆದ ಮೇಲೆ ಒಂದು ಮಾತ್ರೆ. ತಕ್ಷಣ ಗುಣ ಕಾಣಲ್ಲ, ಮೂರ್ನಾಕು ವಾರ ಬೇಕು. ತಗೊಳ್ಳೋದು ಬಿಡೋದು ನಿಮ್ಮ ತೀರ್ಮಾನ, ನಾನು ಬಲವಂತ ಮಾಡಲ್ಲ."

ಬಲವಂತ ಮಾಡಿದ್ದರೇ ಒಳ್ಳೆಯದಿತ್ತು ಅನ್ನಿಸಿತು ನಿರ್ಮಲಮ್ಮನಿಗೆ. ಒಂದು ವಾರ ಆ ಕಂದು ಬಣ್ಣದ ಮಾತ್ರೆಗಳನ್ನು ದಿನಾ ತೆಗೆದು ನೋಡುವಳು, ಮತ್ತೆ ಕಟ್ಟಿಡುವಳು. ನುಂಗಿದರೆ ಹುಚ್ಚಿ ಅಂತ ಒಪ್ಪಿಕೊಂಡ ಹಾಗೆ. ನುಂಗದಿದ್ದರೆ ಮಗಳು ತಾಯಿಯಿಲ್ಲದವಳ ಹಾಗೆ ಜಗಳೂರಿನಲ್ಲೇ ಹೆರಬೇಕು.

"ಇದು ತಲೆಕೆಟ್ಟೋರ ಮಾತ್ರೆ ಕಣೆ ನಿರ್ಮಲಾ," ಎಂದಳು ಲಕ್ಷ್ಮಕ್ಕ. "ಹತ್ತಿದ್ರೆ ಬಿಡಾದಿಲ್ಲ. ನಾಳೆ ಜಗಳೂರಿನೋರಿಗೆ ಗೊತ್ತಾದ್ರೆ ಏನಂತಾರೆ? ತಾಯಿ ಹಂಗೆ, ಮಗಳೂ ಹಂಗೆ ಅಂತಾರೆ. ಹುಟ್ಟೋ ಕೂಸಿಗೂ ಕೆಟ್ಟ ಹೆಸರು ಬರ್ತೈತೆ."

"ಬಸ್ ಹತ್ತದಿದ್ರೆ ಕೂಸಿನ ಮುಖ ನೋಡಾಕೇ ಆಗಾದಿಲ್ಲವಲ್ಲ ಅಕ್ಕ."

ಲಕ್ಷ್ಮಕ್ಕ ಮಾತ್ರೆಯ ಪೊಟ್ಟಣವನ್ನು ತಿರುಗಿಸಿ ನೋಡಿದಳು. "ತಗೊಳ್ಳಾದೇ ಆದ್ರೆ ಪಥ್ಯ ಮಾಡಬೇಕು ಮತ್ತೆ. ಏನು ಪಥ್ಯ ಹೇಳಿದ್ರು?" ಎಂದಳು.

ಡಾಕ್ಟರು ಪಥ್ಯವನ್ನೇ ಹೇಳಿರಲಿಲ್ಲ. ಮೂವರೂ ಕೂತು ಯೋಚಿಸಿದರು. ಕಾಮಾಲೆಯ ಬೇರಿಗೆ ಪಥ್ಯ, ಸರ್ಪಸುತ್ತಿನ ಲೇಪಕ್ಕೆ ಪಥ್ಯ, ನಾಯಿ ಕಚ್ಚಿದ್ದಕ್ಕೆ ಕೊಡುವ ಔಷಧಿಗೂ ಪಥ್ಯ. ಪಥ್ಯವಿಲ್ಲದ ಔಷಧಿಯನ್ನು ನಲ್ಲೂರು ಕಂಡೇ ಇಲ್ಲ. ಅಂದಮೇಲೆ ಡಾಕ್ಟರು ಮರೆತಿರಬೇಕು. ದೊಡ್ಡ ಕಾಯಿಲೆಗೆ ದೊಡ್ಡ ಪಥ್ಯವೇ ಇರಲಿ ಎಂದು ಲಕ್ಷ್ಮಕ್ಕ ತೀರ್ಮಾನ ಕೊಟ್ಟಳು: ಉಪ್ಪು ಇಲ್ಲ, ಹುಳಿ ಇಲ್ಲ, ಖಾರ ಇಲ್ಲ, ಹಾಲು ಮೊಸರು ಮುಟ್ಟುವ ಹಾಗಿಲ್ಲ. ಎರಡು ಹೊತ್ತು ಸಪ್ಪೆ ಗಂಜಿ.

ಮೊದಲೇ ಊಟ ಸೇರದ ಹೆಂಗಸು. ಸಪ್ಪೆ ಗಂಜಿಯನ್ನು ಕಣ್ಣು ಮುಚ್ಚಿ ಕುಡಿದು, ಮಾತ್ರೆ ನುಂಗಿ ಮಲಗುವಳು. ಹನ್ನೆರಡನೇ ದಿನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವಳು ಕಣ್ಣು ಕತ್ತಲೆ ಬಂದು ದೊಪ್ಪನೆ ಬಿದ್ದಳು. ಎಮ್ಮೆ ಬೆದರಿ ಹಗ್ಗ ಕಿತ್ತುಕೊಂಡಿತು.

"ನಾನು ಹೇಳಿರಲಿಲ್ವಾ," ಎಂದಳು ಲಕ್ಷ್ಮಕ್ಕ, ಅವಳ ಮುಖಕ್ಕೆ ನೀರು ಚಿಮುಕಿಸುತ್ತ. "ಮಾತ್ರೆ ಮೈಗೆ ಆಗಲಿಲ್ಲ."

ಮಾತ್ರೆ ನಿಂತಿತು. ಗಂಜಿಯೂ ನಿಂತಿತು ಅನ್ನುವುದೊಂದೇ ಸಮಾಧಾನ. ನಿರ್ಮಲಮ್ಮ ಮತ್ತೆ ಮೂಲೆ ಸೇರಿದಳು. ನನ್ನ ಹಣೆಬರಹ ಇಷ್ಟೇ ಎಂದುಕೊಂಡಳು.

ಹೀಗಿರುವಾಗ ಪ್ರೇಮಳ ಕಾಗದ ಬಂತು. ನಾಲ್ಕೇ ಸಾಲು. 'ಅವ್ವ, ಕೂಸು ಒದೀತೈತೆ. ನನಗೆ ರಾತ್ರಿ ಹೆದರಿಕೆ ಆಗುತ್ತೆ. ಇಲ್ಲಿ ಯಾರಿಗೂ ಹೇಳಿಲ್ಲ. ನೀನೇ ಬಾ.'

ನಿರ್ಮಲಮ್ಮ ಕಾಗದವನ್ನು ಮೂರು ಸಲ ಓದಿದಳು. ಹೆದರಿಕೆ ಎಂಬ ಮಾತಿನ ಮೇಲೆ ಬೆರಳಿಟ್ಟುಕೊಂಡು ಅತ್ತಳು. ಒಂದೂವರೆ ವರ್ಷದಲ್ಲಿ ಮೊದಲ ಸಲ ಅವಳಿಗೆ ಸಿಟ್ಟು ಬಂತು, ತನ್ನ ಮೇಲಲ್ಲ, ಆ ಕಾಯಿಲೆಯ ಮೇಲೆ. ಎದ್ದು ತಲೆ ಬಾಚಿಕೊಂಡು ಹೊರಗೆ ಬಂದಳು.

"ರೀ, ನಾಳೆ ತಿಂಗಳ ಮೊದಲ ಮಂಗಳವಾರ. ಗಾಡಿ ಕಟ್ರಿ," ಎಂದಳು.

ಚನ್ನಗಿರಿಯಲ್ಲಿ ಡಾಕ್ಟರು ಎಲ್ಲ ಕೇಳಿದರು. ಬಿದ್ದದ್ದು ಕೇಳಿದರು, ಏನು ಊಟ ಮಾಡುತ್ತಿದ್ದಿರಿ ಎಂದು ಕೇಳಿದರು. ಗಂಜಿಯ ಕಥೆ ಹೇಳಿದಾಗ ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು.

"ಅಲ್ಲ ತಾಯಿ, ಹನ್ನೆರಡು ದಿನ ಉಪ್ಪಿಲ್ಲದ ಗಂಜಿ ಕುಡಿದ್ರೆ ನಾನೂ ಬೀಳ್ತೀನಿ, ನಿಮ್ಮ ಎಮ್ಮೆನೂ ಬೀಳುತ್ತೆ. ತಪ್ಪು ನಂದೂ ಇದೆ, ಬಿಡಿಸಿ ಹೇಳಬೇಕಿತ್ತು. ಇದಕ್ಕೆ ಪಥ್ಯ ಇಲ್ಲ. ಉಪ್ಪು, ಹುಳಿ, ಖಾರ, ಎಲ್ಲ ತಿನ್ನಿ. ಹೊಟ್ಟೆ ತುಂಬ ತಿನ್ನಿ. ಬಾಯಿ ಒಣಗುತ್ತೆ, ಸ್ವಲ್ಪ ಮಂಪರು ಬರುತ್ತೆ, ಬೇಗ ಎದ್ದರೆ ತಲೆ ತಿರುಗಬಹುದು. ನಿಧಾನಕ್ಕೆ ಏಳಿ. ಏನೇ ಆದರೂ ನೀವೇ ನಿಲ್ಲಿಸಬೇಡಿ, ನನಗೆ ಹೇಳಿ."

"ಸಾಯೋ ತನಕ ತಗೋಬೇಕೇನ್ರಿ?"

"ಇಲ್ಲ. ಒಂದು ವರ್ಷ ಆಗಬಹುದು. ಆಮೇಲೆ ಮೆಲ್ಲಗೆ ಕಡಿಮೆ ಮಾಡೋಣ."

"ತಗೊಂಡ್ರೆ ಹೆದರಿಕೆ ಬರಾದೇ ಇಲ್ವಾ?"

ಡಾಕ್ಟರು ಸುಳ್ಳು ಹೇಳುವ ಜಾತಿಯಲ್ಲ. "ಬರಬಹುದು. ಬಂದರೆ ಓಡಬೇಡಿ, ಕೂತಿರಿ. ಅದು ಏರುತ್ತೆ, ಆಮೇಲೆ ಇಳಿಯುತ್ತೆ. ಮಾತ್ರೆ ಬಲ ಕೊಡುತ್ತೆ, ಕೂರೋದು ಮಾತ್ರ ನೀವೇ."

ಗಂಡ ಬಾಯಿ ತೆರೆಯಹೋದ. ನಿರ್ಮಲಮ್ಮ ಕೈ ಸನ್ನೆಯಲ್ಲೇ ತಡೆದಳು. "ಬರಕೊಡ್ರಿ. ತಗೊಳ್ತೀನಿ," ಎಂದಳು.

ಹೊರಗೆ ಬಂದವಳೇ ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನ ಮುಂದೆ ನಿಂತಳು. ಒಳಗೆ ಎಣ್ಣೆಯಲ್ಲಿ ಮೆಣಸಿನಕಾಯಿ ಬಜ್ಜಿ ಚೊಯ್ಯೆನ್ನುತ್ತಿತ್ತು. ಒಂದು ತಟ್ಟೆ ಖಾರ ಮಂಡಕ್ಕಿ, ಎರಡು ಮೆಣಸಿನಕಾಯಿ ತರಿಸಿ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ತಿಂದಳು. ರುಚಿ ಅರ್ಧವೂ ತಿಳಿಯಲಿಲ್ಲ. ಆದರೂ ಬಿಡಲಿಲ್ಲ. ಪಂಚಾಕ್ಷರಪ್ಪ ತನ್ನ ತಟ್ಟೆ ಮರೆತು ಹೆಂಡತಿಯನ್ನೇ ನೋಡುತ್ತ ಕೂತ.

ಆ ರಾತ್ರಿ ಮುದ್ದೆ, ಹುಳಿಸಾರು ಉಂಡು, ಲಕ್ಷ್ಮಕ್ಕನ ಎದುರಿಗೇ ಮಾತ್ರೆ ಬಾಯಿಗೆ ಹಾಕಿಕೊಂಡಳು. "ನುಂಗಿದೆ ಅಕ್ಕ. ಇದಕ್ಕೆ ನೀವು ಏನು ಹೆಸರು ಬೇಕಾದ್ರೂ ಇಡ್ರಿ."

ಮೊದಲ ವಾರ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಎರಡನೇ ವಾರ ಹಗಲಲ್ಲೂ ತೂಕಡಿಕೆ. ಬಿಟ್ಟುಬಿಡಲೇ ಅಂತ ಮೂರು ಸಲ ಅನ್ನಿಸಿತು, ಮೂರು ಸಲವೂ ಪ್ರೇಮಳ ಕಾಗದ ತೆಗೆದು ಓದಿದಳು. ನಾಲ್ಕನೇ ವಾರ ಒಂದು ಮಧ್ಯಾಹ್ನ ಊಟಕ್ಕೆ ಕೂತವಳು, "ಸಾರಿಗೆ ಉಪ್ಪು ಸಾಲದು" ಎಂದಳು. ಒಂದೂವರೆ ವರ್ಷ ಏನು ಬಡಿಸಿದರೂ ಕಲ್ಲಿನ ಹಾಗೆ ನುಂಗುತ್ತಿದ್ದವಳು ಸಾರಿಗೆ ಹೆಸರಿಡುತ್ತಿದ್ದಾಳೆ. ಸಾರು ಮಾಡಿದ ಲಕ್ಷ್ಮಕ್ಕ ಸಿಟ್ಟು ಮಾಡಿಕೊಳ್ಳುವ ಬದಲು ಉಪ್ಪಿನ ಭರಣಿಯನ್ನೇ ಎತ್ತಿಕೊಂಡು ಬಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಪಂಚಾಕ್ಷರಪ್ಪ ನೋಡಿದ.

ಕುಬಸಕ್ಕೆ ಮೂವರೂ ಹೊರಟರು. ಬುತ್ತಿಯ ಬುಟ್ಟಿಗಳು ಬಸ್ಸಿನ ಮೇಲೆ, ಇವರು ಒಳಗೆ. ದಾವಣಗೆರೆಯ ತನಕ ನಿರ್ಮಲಮ್ಮ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೇ ಇದ್ದಳು, ಏನೂ ಆಗಲಿಲ್ಲ. ಜಗಳೂರಿನ ಬಸ್ಸು ಮಾತ್ರ ಕಿಕ್ಕಿರಿದಿತ್ತು. ಊರು ಬಿಡುವ ಮೊದಲೇ ರೈಲ್ವೆ ಗೇಟು ಬಿತ್ತು. ಬಸ್ಸು ನಿಂತಿತು. ಮುಂದೆ ಲಾರಿ, ಹಿಂದೆ ಲಾರಿ, ಒಳಗೆ ಬೆವರು.

ಬಂತು. ಅದೇ ಡವಡವ, ಅದೇ ತಣ್ಣನೆ ಅಂಗೈ. ಅವಳ ಮುಖ ನೋಡಿದ ಪಂಚಾಕ್ಷರಪ್ಪ ಎದ್ದು ನಿಂತು, "ಕಂಡಕ್ಟ್ರೇ, ಬಾಗಿಲು ತೆಗೀರಿ" ಎಂದ.

ನಿರ್ಮಲಮ್ಮ ಅವನ ಅಂಗಿ ಹಿಡಿದು ಜಗ್ಗಿದಳು. "ಕೂತ್ಕೊಳ್ರಿ."

"ಬಂದೈತಲ್ಲೇ."

"ಬಂದೈತೆ. ಬರಲಿ. ನಾನು ಇಳಿಯಾದಿಲ್ಲ."

ಎದೆ ಇನ್ನೂ ಜೋರಾಗಿ ಹೊಡೆದುಕೊಂಡಿತು. ಸಾಯುತ್ತೇನೆ ಅನ್ನಿಸಿತು. ಸತ್ತರೆ ಜಗಳೂರಿನ ಬಸ್ಸಿನಲ್ಲೇ ಸಾಯುತ್ತೇನೆ, ನಲ್ಲೂರಿನ ಮೂಲೆಯಲ್ಲಲ್ಲ ಎಂದುಕೊಂಡು ಹಲ್ಲು ಕಚ್ಚಿ ಕೂತಳು. ಗೂಡ್ಸ್ ಗಾಡಿ ಬಂತು. ಅದರ ಡಬ್ಬಿಗಳು ಮುಗಿಯುವುದೇ ಇಲ್ಲ. ಎಲ್ಲೋ ಅರ್ಧ ಗಾಡಿ ಹೋಗುವಷ್ಟರಲ್ಲಿ ಉಸಿರು ತಾನಾಗಿ ಕೆಳಗಿಳಿಯಿತು. ಗೇಟು ಎದ್ದಾಗ ಅಂಗೈ ಬೆಚ್ಚಗಾಗಿತ್ತು. ಹೊನ್ನಾಳಿಯ ಸೇತುವೆಯ ಮೇಲೆ ತನ್ನನ್ನು ಓಡಿಸಿದ್ದು ಇಷ್ಟೇನಾ ಎನ್ನಿಸಿ ಅವಳು ಅಷ್ಟು ಜನರ ನಡುವೆ ಗಟ್ಟಿಯಾಗಿ ನಕ್ಕುಬಿಟ್ಟಳು. ಲಕ್ಷ್ಮಕ್ಕ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಜಗಳೂರಿನ ತನಕ ಬಿಡಲಿಲ್ಲ.

ಪ್ರೇಮ ಬಾಗಿಲಲ್ಲೇ ತಾಯಿಯನ್ನು ತಬ್ಬಿಕೊಂಡಳು. ಮಧ್ಯಾಹ್ನ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ನಿರ್ಮಲಮ್ಮ ತನ್ನ ಕೈಯಾರೆ ಉಡಿ ತುಂಬಿದಳು. ರಾತ್ರಿಯ ಊಟ ಮುಗಿದು ಹೆಂಗಸರೆಲ್ಲ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದಾಗ ಮಾತ್ರೆಯ ಹೊತ್ತಾಯಿತು. ಲಕ್ಷ್ಮಕ್ಕ ಕಣ್ಣಲ್ಲೇ ಹಿತ್ತಲು ತೋರಿಸಿದಳು. ನಿರ್ಮಲಮ್ಮ ಕೂತಲ್ಲೇ ಸಂಚಿ ಬಿಚ್ಚಿ ಮಾತ್ರೆ ತೆಗೆದಳು.

"ಏನು ಮಾತ್ರೆ ಅಕ್ಕಾರೆ ಅದು?" ಎಂದಳು ಬೀಗಿತ್ತಿ ಕಸ್ತೂರಮ್ಮ.

ಪ್ರೇಮ ತಲೆ ತಗ್ಗಿಸಿದಳು. ನಿರ್ಮಲಮ್ಮನಿಗೆ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು, ತಲೆನೋವು ಅಂದರೆ ಮುಗಿಯುತ್ತಿತ್ತು.

"ಹೆದರಿಕೆ ಕಾಯಿಲೆಗೆ. ಮನಸ್ಸಿನ ಡಾಕ್ಟ್ರು ಕೊಟ್ಟಿದ್ದು. ಒಂದೂವರೆ ವರ್ಷ ನಂಗೆ ಬಸ್ ಹತ್ತಾಕೆ ಆಗ್ತಿರಲಿಲ್ಲ, ಉಣ್ಣಾಕೆ ಆಗ್ತಿರಲಿಲ್ಲ. ಇವತ್ತು ನಿಮ್ಮ ಮನೇಲಿ ಕೂತೀನಿ," ಎಂದು ನೀರು ಕುಡಿದು ನುಂಗಿದಳು.

ಕಸ್ತೂರಮ್ಮ ಎದ್ದು ಒಳಗೆ ಹೋದಳು. ಮುಗಿಯಿತು ಕಥೆ ಎಂದುಕೊಂಡಳು ಲಕ್ಷ್ಮಕ್ಕ. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೊರಟ ಮೇಲೆ ಕಸ್ತೂರಮ್ಮ ಬಂದು ನಿರ್ಮಲಮ್ಮನ ಪಕ್ಕಕ್ಕೇ ಕೂತಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಮ್ಮನೇರು ಹೋದ ಮೇಲೆ ಮೂರು ವರ್ಷ ಆತು, ನಾನು ಈ ಬೀದಿ ದಾಟಿಲ್ಲ ಅಕ್ಕಾರೆ. ಹೊರಗೆ ಕಾಲಿಟ್ರೆ ಜೀವ ಹೋದಂಗೆ ಆಗ್ತೈತೆ. ಹುಡುಗಿನ ನಾನೇ ಬಂದು ಬಿಡಬೇಕಾಗ್ತೈತೇನೋ ಅಂತ ಹೆದರಿ ನೀವೇ ಬರ್ರಿ ಅಂತ ಬರೆಸಿದ್ದು. ಜನ ಇದಕ್ಕೆ ಸೊಕ್ಕು ಅಂತಾರೆ. ಅನ್ನಲಿ ಅಂತ ಬಿಟ್ಟೆ, ಹುಚ್ಚು ಅನ್ನೋದಕ್ಕಿಂತ ಸೊಕ್ಕು ಅನ್ನೋದು ವಾಸಿ ಅಲ್ವಾ."

ನಿರ್ಮಲಮ್ಮನಿಗೆ ಒಮ್ಮೆಲೇ ಅಳುವೂ ನಗುವೂ ಬಂತು. "ಡಾಕ್ಟ್ರು ದಾವಣಗೆರೆಯಲ್ಲೇ ಇರಾದು. ನಾಳೆ ನಮ್ಮ ದಾರಿಯಲ್ಲೇ ಸಿಗ್ತಾರೆ," ಎಂದಳು.

"ಬಸ್ಸಿನಲ್ಲಾ? ನಂಗೆ ಆಗಾದಿಲ್ಲ."

"ನಂಗೂ ಆಗ್ತಿರಲಿಲ್ಲ."

ಮರುದಿನ ಬೆಳಿಗ್ಗೆ ಜಗಳೂರಿನ ಜನ ಕೆಲಸ ಬಿಟ್ಟು ನೋಡಿದರು. ಕಸ್ತೂರಮ್ಮ ಮಗನ ಹೆಗಲು ಹಿಡಿದು ಬೀದಿ ದಾಟಿ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ಬಸ್ಸಿನ ಮೆಟ್ಟಿಲ ಹತ್ತಿರ ಕಾಲು ಕಿತ್ತಿಡಲಾರದೆ ನಿಂತಳು, ಮೈಯೆಲ್ಲ ಬೆವರು. ಕಂಡಕ್ಟರ್ ಸೀಟಿ ಊದಲು ಅವಸರ ಮಾಡುತ್ತಿದ್ದ. ನಿರ್ಮಲಮ್ಮ ಮೇಲಿನ ಮೆಟ್ಟಿಲಲ್ಲಿ ಬಾಗಿಲಿಗೆ ಅಡ್ಡ ನಿಂತು, ನಾವು ಹತ್ತುವ ತನಕ ಬಸ್ಸು ಅಲ್ಲಾಡುವ ಹಾಗಿಲ್ಲ ಎಂದು ಅವನಿಗೆ ಜೋರು ಮಾಡಿದಳು. ಆಮೇಲೆ ಬಗ್ಗಿ ಕೈ ಚಾಚಿದಳು.

"ಎದೆ ಹೊಡಕೊಳ್ತೈತೆ ಅಕ್ಕಾರೆ," ಎಂದಳು ಕಸ್ತೂರಮ್ಮ.

"ಹೊಡಕೊಳ್ಳಲಿ. ಏರ್ತೈತೆ, ಇಳೀತೈತೆ. ನಾನು ಪಕ್ಕದಲ್ಲೇ ಇರ್ತೀನಿ."

ಕಸ್ತೂರಮ್ಮ ಕಣ್ಣು ಮುಚ್ಚಿ ಒಂದು ಮೆಟ್ಟಿಲು ಹತ್ತಿದಳು, ಇನ್ನೊಂದು ಹತ್ತಿದಳು. ನಿರ್ಮಲಮ್ಮ ಆಕೆಯನ್ನು ಮಗಳ ಮತ್ತು ತನ್ನ ನಡುವೆ ಕೂರಿಸಿಕೊಂಡು ಎರಡೂ ಕೈ ಗಟ್ಟಿಯಾಗಿ ಹಿಡಿದಳು.

"ಹೊರಡಲೇನಮ್ಮ?" ಎಂದು ಕೇಳಿದ ಡ್ರೈವರು, ತಿರುಗಿ ನೋಡಿ.

"ಹೊರಡಪ್ಪ," ಎಂದಳು ನಿರ್ಮಲಮ್ಮ.