ಎಂಟನೆಯ ತುಂಡು

ಈಗ ಹೇಳಿಬಿಡಲೇ, ಅವರೇ ಪೈಪು ಬಿಚ್ಚಿ ನೋಡುವವರೆಗೆ ಸುಮ್ಮನಿರಲೇ? ನೋಡಿದರೂ ಅಲ್ಲಿ ಏನೂ ಸಿಗುವುದಿಲ್ಲ. ಸಿಗುವುದಿಲ್ಲವೆಂದು ಗೊತ್ತಿರುವವನು ತಾನೊಬ್ಬನೇ. ಹಾಗಿದ್ದೂ ಪಕ್ಕದಲ್ಲಿ ನಿಂತು ನೋಡುತ್ತಿರುವುದನ್ನು ಏನೆಂದು ಕರೆಯಬೇಕು?

ಸುಂದರೇಶ ತನ್ನ ಹಳೆಯ ಡೀಸೆಲ್ ಅಂಬಾಸಿಡರಿನ ತೆರೆದ ಬಾನೆಟ್ಟಿನ ಪಕ್ಕ ನಿಂತಿದ್ದ. ಎಂಜಿನ್ನಿನ ಮೇಲೆ ಬಗ್ಗಿದ್ದವರು ಕನ್ನಪ್ಪ. ಹೊಸನಗರದ ಬಸ್ ನಿಲ್ದಾಣದಾಚೆ, ತಗಡಿನ ಶೆಡ್ಡೊಂದರಲ್ಲಿ ಮೂವತ್ತೆಂಟು ವರ್ಷ ಗಾಡಿ ರಿಪೇರಿ ಮಾಡಿಕೊಂಡು ಬಂದವರು. ಹೋದ ವರ್ಷ ಲಕ್ವ ಹೊಡೆದು ಮೂರು ತಿಂಗಳು ಮಲಗಿದ್ದರು. ಮಾತು, ನಡಿಗೆ ಎರಡೂ ಮರಳಿದವು. ಬಲಗೈಯ ಎರಡು ಬೆರಳು ಮರಗಟ್ಟಿಯೇ ಉಳಿದವು, ಅದರ ಜೊತೆಗೆ ಆಗಾಗ ಒಂದಿಷ್ಟು ಮರೆವು. ಶೆಡ್ಡಿನ ಮುಂಭಾಗದಲ್ಲಿ ಬಿಡಿಭಾಗಗಳ ಅಂಗಡಿ ನೋಡಿಕೊಳ್ಳುವ ಮಗಳು ಕುಮುದಾ, ಅಪ್ಪ ಮತ್ತೆ ಸ್ಪ್ಯಾನರ್ ಹಿಡಿದ ದಿನವೇ ಒಂದು ಕರಾರು ಹಾಕಿದ್ದಳು. ಮಾಡಿದ ಕೆಲಸ ಸರಿಯಾಗದೆ ಒಂದೇ ಒಂದು ಗಾಡಿ ವಾಪಸ್ ಬಂದರೂ ಶೆಡ್ಡಿಗೆ ಬೀಗ. ಈ ಮಾತು ಊರಿಗೆಲ್ಲ ಗೊತ್ತಿತ್ತು. ತೀರ್ಥಹಳ್ಳಿಯಿಂದ ದಿನಾ ಇಲ್ಲಿಯ ಕಾಲೇಜಿಗೆ ಫಿಸಿಕ್ಸ್ ಪಾಠ ಮಾಡಲು ಬರುವ ಸುಂದರೇಶನಿಗೂ ಗೊತ್ತಿತ್ತು. ಕುಮುದಾ ಒಂದು ಕಾಲದಲ್ಲಿ ಅವನ ವಿದ್ಯಾರ್ಥಿನಿ.

ಮೂರು ವಾರದ ಹಿಂದೆ ಅವನು ಗಾಡಿ ತಂದದ್ದು ಬ್ರೀದರ್ ಪೈಪಿನ ಕೆಲಸಕ್ಕೆ. ಎಂಜಿನ್ನಿನ ಹೊಟ್ಟೆಯಲ್ಲಿ ಕೂಡುವ ಬಿಸಿಗಾಳಿ, ಹೊಗೆ ಹೊರಗೆ ಹೋಗುವುದು ಆ ಪೈಪಿನಿಂದ. ಅದರೊಟ್ಟಿಗೆ ಬರುವ ಆಯಿಲ್ ರಸ್ತೆಗೆ ಸುರಿಯದಿರಲೆಂದು ಕನ್ನಪ್ಪ ಹಿಂದೊಮ್ಮೆ ಬ್ರೇಕ್ ಆಯಿಲಿನ ಖಾಲಿ ಡಬ್ಬಿಯೊಂದನ್ನು ಪೈಪಿನ ತುದಿಗೆ ಕಟ್ಟಿಕೊಟ್ಟಿದ್ದರು. ಈಚೆಗೆ ಡಬ್ಬಿ ಬೇಗ ತುಂಬುತ್ತಿತ್ತು. ಕನ್ನಪ್ಪ ಪೈಪು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ರಬ್ಬರ್ ಹೋಸ್ ಹಾಕಿ ಕೊಟ್ಟರು. ಮಾರನೆಯ ದಿನ ಡಬ್ಬಿಯಲ್ಲಿ ಒಂದು ಹನಿಯೂ ಇರಲಿಲ್ಲ. ಕಾಲೇಜಿನ ಗೇಟಿನ ತನಕ ಬಂದು ಅದನ್ನು ನೋಡಿಕೊಂಡು ಹೋಗುವಾಗ ಅವರು, ಇನ್ನು ಮೇಷ್ಟ್ರು ಬಂದದ್ದು ಹುಡುಗರಿಗೆ ಹೊಗೆಯಿಂದ ಗೊತ್ತಾಗುವುದಿಲ್ಲ, ಪಾಪ, ಓಡಿಹೋಗಲು ಪುರುಸೊತ್ತೇ ಸಿಗುವುದಿಲ್ಲ ಎಂದು ನಗಾಡಿದ್ದರು. ಸುಂದರೇಶನೂ ನಕ್ಕಿದ್ದ. ಡಬ್ಬಿ ಅಷ್ಟು ಒಣಗಿರುವುದೇ ರೋಗದ ಗುರುತು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ನಾಲ್ಕು ದಿನಕ್ಕೆ ಆಯಿಲ್ ನೋಡುವ ಕಡ್ಡಿಯ ತೂತಿನಿಂದ ಆಯಿಲ್ ಉಕ್ಕತೊಡಗಿತು. ಎಂಜಿನ್ನಿನ ಹಿಂಬದಿ ಒದ್ದೆಯಾಯಿತು. ಏರು ಹತ್ತುವಾಗ ಸುಟ್ಟ ವಾಸನೆ. ಕಳೆದ ಭಾನುವಾರ ಮನೆಯಲ್ಲಿ ಎಂಜಿನ್ ಚಾಲೂ ಮಾಡಿ, ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದಾಗ ಒಳಗಿನ ಗಾಳಿ ಅಂಗೈಯನ್ನು ದೂಡಿತು. ಅಂದರೆ ಹೋಗಬೇಕಾದ ದಾರಿ ಕಟ್ಟಿದೆ. ಬ್ರೀದರ್ ಪೈಪಿನ ಬಾಗಿನಲ್ಲಿ ಇಕ್ಕಳ ತೂರಿಸಿ ಎಳೆದರೆ ಬಂದದ್ದು ಆಯಿಲ್ ಕುಡಿದು ಕಪ್ಪಾದ ಒಂದು ಬಟ್ಟೆಯ ತುಂಡು. ಹಿಂಡಿದಾಗ ಕೆಂಪು ಚೌಕಳಿ ಕಾಣಿಸಿತು.

ಯಾರದೆಂದು ಕೇಳಬೇಕಾಗಿರಲಿಲ್ಲ. ಈ ಕಡೆ ಯಾವ ತೂತನ್ನಾದರೂ ಒಂದು ಮಧ್ಯಾಹ್ನ ತೆರೆದಿಟ್ಟರೆ ಕುಂಬಾರ ಹುಳ ಮಣ್ಣು ತಂದು ಗೂಡು ಕಟ್ಟಿಬಿಡುತ್ತದೆ. ಹಿಂದೆ ಯಾವಾಗಲೋ ಒಂದು ಎಂಜಿನ್ ಹಾಗೆಯೇ ಹಾಳಾದ ಮೇಲೆ ಕನ್ನಪ್ಪ ಹಳೆಯ ಲುಂಗಿಯೊಂದನ್ನು ಎಂಟು ತುಂಡು ಮಾಡಿ, ಬಿಚ್ಚಿದ ಪ್ರತಿಯೊಂದು ಪೈಪಿನ ಬಾಯಿಗೂ ತುರುಕುವ ರೂಢಿ ಮಾಡಿಕೊಂಡಿದ್ದರು. ಕೆಲಸ ಮುಗಿದ ಮೇಲೆ ಎಂಟನ್ನೂ ಒಗೆದು ತಂತಿಗೆ ಹಾಕುತ್ತಿದ್ದರು. ಲುಂಗಿಗಳು ಬದಲಾದವು, ಎಂಟು ಬದಲಾಗಲಿಲ್ಲ.

ಸುಂದರೇಶ ತುಂಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟ. ಕುಮುದಾ ಇಲ್ಲದ ಹೊತ್ತಿನಲ್ಲಿ ಅವರ ಕೈಗೆ ಕೊಟ್ಟರಾಯಿತು, ಇಬ್ಬರ ನಡುವೆಯೇ ಮುಗಿಯುತ್ತದೆ. ಹಾಗಂದುಕೊಂಡೇ ಸೋಮವಾರ ಬಂದದ್ದು. ಬಂದರೆ ಕನ್ನಪ್ಪ ತಂತಿಯ ಮುಂದೆ ನಿಂತು ಎಣಿಸುತ್ತಿದ್ದರು.

"ಏಳೇ ಇದೆ ಮೇಷ್ಟ್ರೇ," ಅಂದರು. "ಯಾವಾಗಿಂದ ಏಳು ಅಂತ್ಲೂ ಗೊತ್ತಿಲ್ಲ."

ಅಂಗಡಿಯಿಂದ ಕುಮುದಾ ಎದ್ದು ಬಂದಳು. ಅಪ್ಪನನ್ನು ನೋಡಲಿಲ್ಲ, ಇವನನ್ನೇ ನೋಡಿದಳು. "ಸರ್, ನಿಮ್ಮ ಗಾಡಿ ಸರಿ ಇದೆಯಲ್ಲ?"

"ಸರಿ ಇದೆ," ಎಂದ ಸುಂದರೇಶ.

ಅದು ಸುಳ್ಳೂ ಆಗಿರಲಿಲ್ಲ. ಆದರೂ ಕನ್ನಪ್ಪ ಬಾನೆಟ್ ತೆಗೆಸಿದರು. ಈಗ ಅವರು ಹೋಸ್ ಬಿಚ್ಚಿ, ಪೈಪನ್ನು ಕಳಚಿ, ಬೆಳಕಿಗೆ ಹಿಡಿದು, ಕೊನೆಗೆ ಬಾಯಿಟ್ಟು ಊದಿದರು. ಗಾಳಿ ಸಲೀಸಾಗಿ ಆಚೆ ಹೋಯಿತು.

ಅವರಿಗೆ ಸಮಾಧಾನವಾಗುತ್ತದೆಂದು ಸುಂದರೇಶ ಎಣಿಸಿದ್ದ. ಅವರು ಅಲ್ಲೇ ಇದ್ದ ಟೈರಿನ ಮೇಲೆ ಕೂತರು. ಬಾಯಿಗೆ ಮೆತ್ತಿದ ಆಯಿಲ್ ಒರೆಸಿಕೊಳ್ಳಲಿಲ್ಲ.

"ಇದ್ರಲ್ಲೇ ಇರ್ಬೇಕಿತ್ತು," ಅಂದರು, ತಗ್ಗಿದ ದನಿಯಲ್ಲಿ. "ಇದ್ರಲ್ಲಿದ್ರೆ ಒಂದಿಷ್ಟು ಆಯಿಲ್ ಹೋಗ್ತಿತ್ತು, ಅಷ್ಟೇಯ. ಬೈಸ್ಕಂಡು ತೆಗೀತಿದ್ದೆ. ಇನ್ನು ಯಾರ ಗಾಡಿಲಿದೆಯೋ ಎಂತದೋ."

ಆಗಲೇ ಹೇಳಬಹುದಿತ್ತು. ಖಾನೆ ಇದ್ದದ್ದು ನಾಲ್ಕು ಹೆಜ್ಜೆ ದೂರದಲ್ಲಿ. ಆದರೆ ಕುಮುದಾ ಇನ್ನೂ ಅಲ್ಲೇ ನಿಂತಿದ್ದಳು, ಮತ್ತು ಅವನು ಆಗಲೇ ಸರಿ ಇದೆ ಎಂದಾಗಿತ್ತು.

ಆ ವಾರ ಕನ್ನಪ್ಪ ಹೊಸ ಕೆಲಸ ಹಿಡಿಯಲಿಲ್ಲ. ಎರಡು ತಿಂಗಳಿನಲ್ಲಿ ತಾವು ಮುಟ್ಟಿದ ಗಾಡಿಗಳನ್ನೆಲ್ಲ ನೆನಪಿಸಿಕೊಂಡು, ನೆನಪಾಗದ್ದನ್ನು ಕುಮುದಾಳ ಬಳಿ ಕೇಳಿಕೊಂಡು, ಒಂದೊಂದನ್ನಾಗಿ ಕರೆಸಿ ಬಿಚ್ಚಿದರು. ಸೊಸೈಟಿಯ ಜೀಪು, ಎರಡು ಆಟೋ, ಹಾಲಿನ ಗಾಡಿ. ಕೆಲವರು ರೇಗಿದರು. ತುಂಡು ಎಲ್ಲಿಯೂ ಸಿಗಲಿಲ್ಲ. ದಿನಾ ಸಂಜೆ ಕಾಲೇಜು ಬಿಟ್ಟು ಹೊರಟ ಸುಂದರೇಶ ಶೆಡ್ಡಿನ ಮುಂದೆ ಗಾಡಿ ನಿಧಾನ ಮಾಡುತ್ತಿದ್ದ, ನಿಲ್ಲಿಸುತ್ತಿರಲಿಲ್ಲ. ಇವತ್ತು ಹೇಳಿದರೆ ನಿನ್ನೆಯೇ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಿತ್ತು. ದಿನ ಕಳೆದಷ್ಟೂ ಆ ಎರಡನೆಯ ಪ್ರಶ್ನೆಯೇ ದೊಡ್ಡದಾಗುತ್ತ ಹೋಯಿತು.

ಕೊನೆಗೆ ಉಳಿದದ್ದು ಸಾಗರದ ಒಂದು ವ್ಯಾನು, ಹೊಳೆಬಾಗಿಲಿನ ಕಡೆ ದೇವಸ್ಥಾನಕ್ಕೆ ಹೋಗುವವರನ್ನು ಕೂರಿಸಿಕೊಂಡು ಓಡಾಡುವಂಥದ್ದು. ಕನ್ನಪ್ಪ ಅದರ ಬ್ರೇಕಿನ ಪೈಪುಗಳನ್ನು ಬಿಚ್ಚಿದ್ದರು. ಎರಡು ದಿನದಿಂದ ನಿದ್ದೆಯಿಲ್ಲ ಎಂದು ಕುಮುದಾ ಫೋನಿನಲ್ಲಿ ಹೇಳಿದಳು. ಬಸ್ಸಿಗೆ ಒಬ್ಬರನ್ನೇ ಹತ್ತಿಸಲು ಧೈರ್ಯವಿಲ್ಲ, ಸರ್ ಭಾನುವಾರ ಕರೆದುಕೊಂಡು ಹೋಗಬಹುದೇ ಎಂದು ಕೇಳಿದಳು. ಸುಂದರೇಶ ಹೂಂ ಎಂದ. ಒಬ್ಬರೇ ಸಿಗುತ್ತಾರೆ, ದಾರಿಯಲ್ಲೇ ಹೇಳಿಬಿಡಬೇಕು.

ದಾರಿಯಲ್ಲಿ ಕನ್ನಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದರು. ಅವರ ಮೊಣಕಾಲು ಖಾನೆಯ ಮುಚ್ಚಳಕ್ಕೆ ತಾಗುತ್ತಿತ್ತು. ಅರ್ಧ ದಾರಿಯಲ್ಲಿ ಅವರು, ನಿಮ್ಮ ಎಂಜಿನ್ ಈಗ ಸರಾಗ ಉಸಿರಾಡುತ್ತಿದೆ ಎಂದರು. ಅದೊಂದಾದರೂ ನೆಟ್ಟಗೆ ಮಾಡಿದೆನಲ್ಲ ಎಂದೂ ಅಂದರು. ಸುಂದರೇಶ ಬಾಯಿ ತೆರೆದವನು ಗೇರ್ ಬದಲಾಯಿಸಿದ.

ಸಾಗರದಲ್ಲಿ ಎರಡು ಗಂಟೆ ಹಿಡಿಯಿತು. ಎಲ್ಲ ಪೈಪೂ ಚೊಕ್ಕಟವಿದ್ದವು. ವ್ಯಾನಿನ ಡ್ರೈವರ್ ಕಾಫಿ ತರಿಸಿದ, ಕನ್ನಪ್ಪ ಕುಡಿಯಲಿಲ್ಲ. ವಾಪಸ್ ಹೊರಟು ಊರು ದಾಟಿದ ಮೇಲೆ ಅವರು ತಮ್ಮ ಕಪ್ಪಾದ ಕೈ ನೋಡಿಕೊಂಡರು.

"ಕೈ ಒರೆಸಕ್ಕೆ ಬಟ್ಟೆ ಏನಾದ್ರೂ ಉಂಟಾ ಮೇಷ್ಟ್ರೇ?" ಎನ್ನುತ್ತ ಖಾನೆಯ ಗುಬುಟಿಗೆ ಕೈ ಹಾಕಿದರು.

ಸುಂದರೇಶ ಸ್ಟಿಯರಿಂಗಿನಿಂದ ಒಂದು ಕೈ ಬಿಟ್ಟು, ಜೇಬಿನಿಂದ ಕರ್ಚೀಫು ಎಳೆದು ಅವರ ಕೈಗೆ ಕೊಟ್ಟ. "ಇದ್ರಲ್ಲಿ ಒರೆಸ್ಕೊಳಿ ಕನ್ನಪ್ಪಣ್ಣ."

"ಬಿಳೀದು. ಹಾಳಾಗ್ತದೆ."

"ಆಗ್ಲಿ."

ಅವರು ಒಂದೊಂದೇ ಬೆರಳು ಒರೆಸಿದರು, ಮರಗಟ್ಟಿದ ಎರಡನ್ನು ಹೆಚ್ಚು ಹೊತ್ತು. ಆಮೇಲೆ ರಸ್ತೆ ನೋಡುತ್ತ ಹೇಳಿದರು. "ಕುಮುದಾ ಹೇಳಿದ್ಲು ಅಂತಲ್ಲ. ಎಲ್ಲಿ ಬಿಟ್ಟೆ ಅಂತ ನಂಗೇ ತಿಳೀದ ಮೇಲೆ ನಾನು ಇನ್ನೊಬ್ರ ಗಾಡಿ ಮುಟ್ಟಬಾರ್ದು. ಸಿಕ್ಕಿದ್ರೆ ಬೇರೆ ಮಾತಿತ್ತು."

ಸುಂದರೇಶನಿಗೆ ಕೇಳಿಸಿತು. ಗಾಡಿ ಹೋಗುತ್ತಲೇ ಇತ್ತು. ಈಗ ಖಾನೆ ತೆರೆದರೆ ಸಿಗುವುದು ಬರೀ ತುಂಡಲ್ಲ. ವಾರವಿಡೀ ಅವರು ಊರವರ ಮುಂದೆ ಬೈಸಿಕೊಂಡು ಹುಡುಕುತ್ತಿದ್ದಾಗ ನೋಡುತ್ತ ಇದ್ದ ಒಬ್ಬನೂ ಸಿಗುತ್ತಾನೆ. ಹೊಸನಗರ ಬರುವವರೆಗೆ ಅವನು ಮೂರು ಸಲ ಗಾಡಿಯ ವೇಗ ಇಳಿಸಿದ. ಮೂರು ಸಲವೂ ಕನ್ನಪ್ಪ ಮುಂದೆ ದನ ಇದೆಯೇ ಎಂದು ಬಗ್ಗಿ ನೋಡಿದರು.

ಬುಧವಾರ ಶೆಡ್ಡಿಗೆ ಬೀಗ ಬಿದ್ದಿತ್ತು. ಅಂಗಡಿ ಮಾತ್ರ ತೆರೆದಿತ್ತು. ಅಪ್ಪ ತಾವೇ ಬೀಗ ಹಾಕಿ ಕೀಲಿ ತಂದುಕೊಟ್ಟರು, ನನಗಿದು ಬೇಡವಾಗಿತ್ತು ಸರ್ ಎಂದಳು ಕುಮುದಾ. ಶೆಡ್ಡಿನ ಸರಳುಗಳಾಚೆ ಒಗೆದು ಹಾಕಿದ ತುಂಡುಗಳು ತಂತಿಯ ಮೇಲೆ ಹಾಗೇ ಇದ್ದವು. ಕನ್ನಪ್ಪ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಬೋಲ್ಟುಗಳನ್ನು ಅಳತೆಯ ಪ್ರಕಾರ ಬೇರೆ ಮಾಡುತ್ತಿದ್ದರು. ಇವನನ್ನು ಕಂಡು, ಡಬ್ಬಿಯಲ್ಲಿ ಆಯಿಲ್ ಎಷ್ಟು ಬರುತ್ತಿದೆ ಎಂದು ಕೇಳಿದರು. ಸ್ವಲ್ಪ ಸ್ವಲ್ಪ ಬರುತ್ತಿದೆ ಎಂದ. ಅದು ಒಳ್ಳೆಯದು, ಬರಬೇಕು ಎಂದರು.

ಎಂಟನೆಯ ತುಂಡು ತನ್ನ ಗಾಡಿಯಲ್ಲೇ ಸಿಕ್ಕಿತ್ತು ಎಂದು ಸುಂದರೇಶ ಅವರಿಗೆ ಎಂದೂ ಹೇಳಲಿಲ್ಲ.